ಹೆಸರು ಮೊದಲೋ, ಅಳತೆ ಮೊದಲೋ?

ನಮ್ಮ ಹಳ್ಳಿಗಾಡಿನಲ್ಲಿ ‘ಕೂಗಳತೆ’ ಎಂಬುದೊಂದು ದೂರವುಂಟು. ಮುಂದಿನ ಊರು ಎಷ್ಟು ದೂರವಪ್ಪಾ ಎಂದು ದಾರಿಯಲ್ಲಿ ಯಾರನ್ನಾದರೂ ಕೇಳಿದರೆ, “ಇಲ್ಲೇ ಸ್ವಾಮಿ, ಕೂಗಳತೆ” ಎನ್ನುತ್ತಾರೆ. ಅದು ಎಷ್ಟು ಗಜ, ಎಷ್ಟು ಮೀಟರು ಎಂದು ಯಾರೂ ಹೇಳಲಾರರು. ಗಾಳಿ ಬೀಸುವ ದಿಕ್ಕು, ಕೂಗುವವನ ಗಂಟಲು, ಕೇಳುವವನ ಕಿವಿ ಇವುಗಳನ್ನು ಅನುಸರಿಸಿ ಅದು ಹೆಚ್ಚು ಕಡಮೆಯಾಗುತ್ತದೆ. ಆದರೂ ಆ ಮಾತಿನಲ್ಲಿ ಒಂದು ಪ್ರಾಮಾಣಿಕತೆ ಇದೆ. ಅಳೆದದ್ದು ಹೇಗೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಕೂಗಿದೆವು, ಕೇಳಿಸಿತು, ನಮಗೆ ಗೊತ್ತಿರುವುದು ಇಷ್ಟು ಎಂದು ಒಪ್ಪಿಕೊಂಡುಬಿಡುತ್ತದೆ. ಹಳೆಯ ಅಳತೆಗಳು ಅನೇಕವು ಹೀಗೆಯೇ. ‘ಒಂದಾಳು ನೀರು’ ಎಂದರೆ ಆಳು ಇಳಿದು ನೋಡಿದ ನೀರು. ‘ಖಂಡುಗದ ಗದ್ದೆ’ ಎಂದರೆ ಒಂದು ಖಂಡುಗ ಬೀಜ ಹಿಡಿಯುವ ನೆಲ. ‘ಘಳಿಗೆ’ ಎಂಬುದು ತಳದಲ್ಲಿ ಸಣ್ಣ ತೂತಿದ್ದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು. ಬಟ್ಟಲಿನ ಹೆಸರೇ ಕಾಲದ ಹೆಸರಾಯಿತು.

ಇದನ್ನೆಲ್ಲ ನೆನೆಯುವುದಕ್ಕೆ ಕಾರಣ ಶಾಲೆಯ ಒಂದು ಪ್ರಶ್ನೆ. ಭೌತಶಾಸ್ತ್ರಕ್ಕೂ ಖಗೋಳಶಾಸ್ತ್ರಕ್ಕೂ ಕೆಲವು ವಿಶೇಷ ಮಾನಗಳಿವೆ. ಮೀಟರು, ಕಿಲೋಗ್ರಾಮುಗಳಂತೆ ಎಲ್ಲರ ಬಳಕೆಯವಲ್ಲ. ಆಯಾ ಕಸುಬಿನವರು ತಮ್ಮ ಕೆಲಸಕ್ಕೆಂದು ಮಾಡಿಕೊಂಡವು. ಜ್ಯೋತಿರ್ವರ್ಷ, ಪಾರ್ಸೆಕ್, ಖಗೋಳಮಾನ, ಇಲೆಕ್ಟ್ರಾನ್ ವೋಲ್ಟ್, ಆಂಗ್‌ಸ್ಟ್ರಾಮ್ ಮುಂತಾದವು. ಇವನ್ನು ವಿದ್ಯಾರ್ಥಿಗೆ ಯಾವಾಗ ಹೇಳಬೇಕು? ಎಂಟನೆಯ ವಯಸ್ಸಿನಲ್ಲೋ, ಹದಿನೆಂಟರಲ್ಲೋ? ಇದು ಪಠ್ಯಪುಸ್ತಕ ಸಮಿತಿಯವರು ಮಧ್ಯಾಹ್ನದ ಕಾಫಿಗೆ ಮುನ್ನ ತೀರ್ಮಾನಿಸಬಹುದಾದ ಸಂಗತಿ, ಭಾನುವಾರ ಪತ್ರಿಕೆ ಓದುವವರಿಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಬಹಳ ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನಾಗಿ ನನಗೆ ಹಾಗೆ ಅನ್ನಿಸುವುದಿಲ್ಲ. ಇದು ಮೂಲತಃ ನೀತಿಯ ಪ್ರಶ್ನೆ ಎಂದು ನನ್ನ ಎಣಿಕೆ. ಒಬ್ಬ ಮನುಷ್ಯ ತಾನು ಅರಿಯದ ಮಾತನ್ನು ಅರಿತವನಂತೆ ಆಡುವ ಹಾಗೆ ಇನ್ನೊಬ್ಬ ಮಾಡಬಹುದೆ ಎಂಬುದು ಅದರ ತಿರುಳು.

ಕೆಲವು ವರ್ಷಗಳ ಹಿಂದೆ ಶಾಲಾ ಮಕ್ಕಳ ರಸಪ್ರಶ್ನೆ ಕಾರ್ಯಕ್ರಮವೊಂದಕ್ಕೆ ಹೋಗಿದ್ದೆ. ಒಂದು ಪಾರ್ಸೆಕ್ ಎಂದರೆ ಎಷ್ಟು ಎಂಬ ಪ್ರಶ್ನೆ ಮುಗಿಯುವ ಮೊದಲೇ ಹನ್ನೆರಡು ವರ್ಷದ ಹುಡುಗನೊಬ್ಬ “ಮೂರು ಪಾಯಿಂಟ್ ಎರಡು ಆರು ಜ್ಯೋತಿರ್ವರ್ಷ” ಎಂದ. ಚಪ್ಪಾಳೆ ಬಿತ್ತು. ಚೂಟಿಯಾದ ಹುಡುಗ. ಆಮೇಲೆ ಅವನನ್ನು ಮಾತನಾಡಿಸಿ, “ಜ್ಯೋತಿರ್ವರ್ಷ ಇದ್ದೇ ಇದೆಯಲ್ಲ ಮರಿ, ಪಾರ್ಸೆಕ್ ಯಾಕೆ ಬೇಕಾಯಿತು?” ಎಂದೆ. ಅವನು ಕನಿಕರದಿಂದ ನನ್ನನ್ನು ನೋಡಿ, “ತಾತ, ಅದು ದೊಡ್ಡದು” ಎಂದ. ಸೇರಿಗಿಂತ ಕೊಳಗ ದೊಡ್ಡದು, ದೊಡ್ಡ ರಾಶಿಗೆ ಕೊಳಗವೇ ಅನುಕೂಲ. ಹಾಗೆ ನೋಡಿದರೆ ಅವನ ತರ್ಕದಲ್ಲಿ ಕುಂದಿಲ್ಲ. ಆದರೆ ಪಾರ್ಸೆಕ್ ಹುಟ್ಟಿದ್ದು ದೊಡ್ಡದಾಗಬೇಕೆಂಬ ಕಾರಣಕ್ಕಲ್ಲ. ಅದು ಹುಟ್ಟಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕೈ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿದರೆ ಹಿಂದಿನ ಗೋಡೆಯ ಮುಂದೆ ಬೆರಳು ಅತ್ತಿಂದಿತ್ತ ನೆಗೆದಂತೆ ಕಾಣುತ್ತದೆ. ಬೆರಳು ದೂರವಾದಷ್ಟೂ ನೆಗೆತ ಕಡಮೆ. ಈ ನೋಟದ ಪಲ್ಲಟಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ಭೂಮಿ ಸೂರ್ಯನನ್ನು ಸುತ್ತುವುದು ನಿಜವಾದರೆ, ಜನವರಿಯಲ್ಲೊಮ್ಮೆ ಜುಲೈಯಲ್ಲೊಮ್ಮೆ ನೋಡಿದಾಗ ಹತ್ತಿರದ ನಕ್ಷತ್ರ ದೂರದ ನಕ್ಷತ್ರಗಳ ನಡುವೆ ಹೀಗೆಯೇ ಸ್ವಲ್ಪ ಜರುಗಿದಂತೆ ಕಾಣಬೇಕು. ಕೋಪರ್ನಿಕಸ್ಸನ ಗ್ರಂಥ ಅಚ್ಚಾದುದು ೧೫೪೩ರಲ್ಲಿ. ಅಂದಿನಿಂದ ಜನ ಈ ಪಲ್ಲಟವನ್ನು ಹುಡುಕತೊಡಗಿದರು, ಸಿಕ್ಕಲಿಲ್ಲ. ಟೈಕೋ ಬ್ರಾಹೆಯಂಥ ನೋಟಗಾರನಿಗೂ ಸಿಕ್ಕಲಿಲ್ಲ. ಭೂಮಿ ಚಲಿಸುತ್ತದೆಂಬುದನ್ನು ಆತ ಒಪ್ಪದಿರಲು ಇದೂ ಒಂದು ಕಾರಣವಾಯಿತು. ಸಿಕ್ಕಿತೆಂದು ನಡುನಡುವೆ ಸಾರಿದವರಿದ್ದರು. ಪರಿಶೀಲಿಸಿದಾಗ ಅದು ನಿಲ್ಲಲಿಲ್ಲ. ಕೊನೆಗೆ ೧೮೩೮ರಲ್ಲಿ ಬೆಸೆಲ್ ಎಂಬ ಜರ್ಮನ್ ವಿದ್ವಾಂಸ ರಾಜಹಂಸ ನಕ್ಷತ್ರಪುಂಜದ ೬೧ನೆಯ ಸಂಖ್ಯೆಯ ಮಸುಕು ನಕ್ಷತ್ರದಲ್ಲಿ ಅದನ್ನು ಹಿಡಿದ.

ಎಷ್ಟಿತ್ತು ಆ ಪಲ್ಲಟ? ಒಂದು ಡಿಗ್ರಿಯನ್ನು ೬೦ ಪಾಲು ಮಾಡಿದರೆ ಒಂದು ಪಾಲು ‘ಕಲೆ’; ಅದನ್ನು ಮತ್ತೆ ೬೦ ಪಾಲು ಮಾಡಿದರೆ ‘ವಿಕಲೆ’. ಪಂಚಾಂಗ ನೋಡುವವರಿಗೆ ಇವು ಹೊಸ ಮಾತಲ್ಲ. ವಿಕಲೆಯನ್ನೇ ಇಂಗ್ಲಿಷಿನವರು ಕೋನದ ಸೆಕೆಂಡು ಎನ್ನುತ್ತಾರೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಎರಡೂವರೆ ಸೆಂಟಿಮೀಟರು ಅಗಲದ ನಾಣ್ಯವೊಂದನ್ನು ಹಿಡಿದು, ಅದನ್ನು ವಿಧಾನಸೌಧದಿಂದ ನೋಡಿದಿರೆಂದು ಭಾವಿಸಿ. ನೆಟ್ಟಗೆ ಅಳೆದರೆ ನಡುವೆ ಸುಮಾರು ಐದು ಕಿಲೋಮೀಟರು. ಆ ನಾಣ್ಯದ ಅಗಲ ನಿಮ್ಮ ಕಣ್ಣಲ್ಲಿ ಮಾಡುವ ಕೋನ ಒಂದು ವಿಕಲೆ. ಬೆಸೆಲ್ ಅಳೆದದ್ದು ಅದರ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಮೆ.

ಇದೇ ಕಾಲಕ್ಕೆ ಇನ್ನೊಬ್ಬನ ಕಥೆಯೂ ಇದೆ. ಥಾಮಸ್ ಹೆಂಡರ್ಸನ್ ಎಂಬಾತ ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರದಲ್ಲಿ ೧೮೩೨–೩೩ರಲ್ಲಿಯೇ ಆಲ್ಫಾ ಸೆಂಟಾರಿ ನಕ್ಷತ್ರವನ್ನು ಅಳೆದಿದ್ದ. ಬೇಸಗೆಯ ರಾತ್ರಿಗಳಲ್ಲಿ ತ್ರಿಶಂಕುವಿನ ಪಕ್ಕದಲ್ಲಿ, ನಮ್ಮ ದಕ್ಷಿಣ ದಿಗಂತಕ್ಕೆ ಹತ್ತಿರವಾಗಿ, ಝಗ್ಗೆಂದು ಹೊಳೆಯುವ ನಕ್ಷತ್ರ ಅದು. ಹೆಂಡರ್ಸನ್ನನ ಲೆಕ್ಕದಲ್ಲಿ ಪಲ್ಲಟ ಸ್ಪಷ್ಟವಾಗಿ ಕಂಡಿತು. ಆದರೂ ಆತ ಕೂಡಲೇ ಹೇಳಲಿಲ್ಲ. ಹಿಂದಿನವರು ಮೋಸ ಹೋದದ್ದು ಅವನಿಗೆ ಗೊತ್ತಿತ್ತು. ಮತ್ತೆ ಮತ್ತೆ ತಾಳೆ ನೋಡಿದ. ಅವನು ಬಾಯಿ ಬಿಟ್ಟದ್ದು ೧೮೩೯ರ ಜನವರಿಯಲ್ಲಿ. ಅಷ್ಟರಲ್ಲಿ ಮೊದಲಿಗನೆಂಬ ಕೀರ್ತಿ ಬೆಸೆಲ್ಲನಿಗೆ ಸಂದುಹೋಗಿತ್ತು. ಹೆಂಡರ್ಸನ್ ನತದೃಷ್ಟನೆಂದು ಹೇಳುವವರುಂಟು. ನನಗೇನೋ ಆತನ ಮೇಲೆ ಬಹಳ ಗೌರವ.

ಇನ್ನು ಹೆಸರಿನ ವಿಷಯ. ಭೂಮಿಗೂ ಸೂರ್ಯನಿಗೂ ಇರುವ ದೂರ ಯಾವ ನಕ್ಷತ್ರದಿಂದ ನೋಡಿದರೆ ಒಂದು ವಿಕಲೆಯಷ್ಟು ಕಾಣುವುದೋ ಆ ನಕ್ಷತ್ರದ ದೂರ ಒಂದು ಪಾರ್ಸೆಕ್. ಪ್ಯಾರಲಾಕ್ಸಿನ ‘ಪಾರ್’, ಸೆಕೆಂಡಿನ ‘ಸೆಕ್’. ಪಲ್ಲಟ ಅರ್ಧ ವಿಕಲೆಯಾದರೆ ದೂರ ಎರಡು ಪಾರ್ಸೆಕ್, ಹತ್ತರಲ್ಲೊಂದು ಪಾಲಾದರೆ ಹತ್ತು ಪಾರ್ಸೆಕ್. ಗುಣಿಸಿ ಭಾಗಿಸುವ ಕಷ್ಟವೇ ಇಲ್ಲ. ಇಂಗ್ಲೆಂಡಿನ ಟರ್ನರ್ ಎಂಬ ಖಗೋಳಜ್ಞ ಈ ಹೆಸರನ್ನು ಸೂಚಿಸಿದ್ದು ೧೯೧೩ರಲ್ಲಿ. ಎಂದರೆ ಅಳತೆ ಕೈಗೆ ಸಿಕ್ಕಿ ೭೫ ವರ್ಷವಾದ ಮೇಲೆ! ಮೂರು ಶತಮಾನ ಹುಡುಕಾಟ, ಮುಕ್ಕಾಲು ಶತಮಾನ ಅಳೆಯುವ ದುಡಿಮೆ, ಆಮೇಲೆ ನಾಮಕರಣ. ನಮ್ಮ ಹುಡುಗನಿಗೆ ನಾಮಕರಣದ ಸಕ್ಕರೆ ಮಾತ್ರ ಹಂಚಿದ್ದಾರೆ, ಮಗುವನ್ನು ತೋರಿಸಿಲ್ಲ.

ಪಾರ್ಸೆಕ್ಕೂ ಒಂದು ಬಗೆಯ ಕೂಗಳತೆಯೇ. ಅಳೆದದ್ದು ಹೇಗೆಂಬುದು ಅದರ ಹೊಟ್ಟೆಯಲ್ಲಿದೆ. ಜ್ಯೋತಿರ್ವರ್ಷ ಹಾಗಲ್ಲ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರು ಎನ್ನುತ್ತೇವೆ; ಆದರೆ ಯಾರೂ ಬೆಳಕನ್ನು ನಕ್ಷತ್ರಕ್ಕೆ ಕಳುಹಿಸಿ ಗಡಿಯಾರ ಹಿಡಿದು ಕಾದವರಿಲ್ಲ. ಕೋನವನ್ನೇ ಅಳೆದು, ಆಮೇಲೆ ಜನಕ್ಕೆ ತಿಳಿಯಲೆಂದು ಬೆಳಕಿನ ಲೆಕ್ಕಕ್ಕೆ ಪರಿವರ್ತಿಸಿದ್ದು. ಬೆಸೆಲ್ಲನೂ ತನ್ನ ನಕ್ಷತ್ರದಿಂದ ಬೆಳಕು ಬರಲು ೧೦.೩ ವರ್ಷ ಬೇಕೆಂದು ಹೇಳಿದ್ದ. (ಇಂದಿನ ಲೆಕ್ಕದಲ್ಲಿ ಸುಮಾರು ೧೧.೪.) ಜರ್ಮನ್ ಭಾಷೆಯಲ್ಲಿ ೧೮೫೧ರಲ್ಲಿ ಆ ಪದ ಕಾಣಿಸಿಕೊಂಡದ್ದೂ ಜನಸಾಮಾನ್ಯರಿಗಾಗಿ ಬರೆದ ಲೇಖನವೊಂದರಲ್ಲಿಯೇ. ಅದು ಕಥೆ ಹೇಳುವವರ ಮಾನ, ಒಳ್ಳೆಯ ಮಾನ. ಕಥೆಯನ್ನು ನಾನು ಹಳಿಯುತ್ತಿಲ್ಲ.

ಲಕ್ಷ ಕೋಟಿ ಎಂದರೆ ಹಿಂದೆ ಜನ ಬೆಚ್ಚುತ್ತಿದ್ದರು. ಈಗ ಮುಂಗಡಪತ್ರದ ಸುದ್ದಿ ಓದಿ ಓದಿ ಅಭ್ಯಾಸವಾಗಿದೆ. ೨೦೨೫–೨೬ರ ಕೇಂದ್ರ ಮುಂಗಡಪತ್ರದ ವೆಚ್ಚದ ಅಂದಾಜು ೫೦ ಲಕ್ಷ ಕೋಟಿ ರೂಪಾಯಿಗೆ ಸ್ವಲ್ಪ ಮೇಲೆ. ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಖರ್ಚು ಮಾಡಿದರೆ ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವನ್ನು ದಾಟಿ ಹೋಗಬಹುದು. ಅದು ೪.೨೪ ಜ್ಯೋತಿರ್ವರ್ಷ, ೧.೩ ಪಾರ್ಸೆಕ್ ದೂರದಲ್ಲಿದೆ.

ಜ್ಯೋತಿರ್ವರ್ಷ ಕಾಲವೋ ದೂರವೋ ಎಂದು ಪಟ್ಟಣದ ಮಕ್ಕಳು ಗಲಿಬಿಲಿಗೊಳ್ಳುವುದನ್ನು ಪ್ರತಿ ವರ್ಷವೂ ಕಂಡಿದ್ದೇನೆ. ಹಳ್ಳಿಯ ಮುದುಕರಿಗೆ ಹೇಳಿದ್ದರೆ ಈ ಗಲಿಬಿಲಿ ಇರುತ್ತಿರಲಿಲ್ಲವೇನೊ. “ಸಂತೆಮಾಳ ಎಷ್ಟು ದೂರ?” “ಎರಡು ಗಂಟೆ ದಾರಿ.” “ತೌರುಮನೆ?” “ಗಾಡಿಯಲ್ಲಿ ಒಂದು ದಿನದ ಹಾದಿ.” ಕಾಲದಿಂದ ದೂರವನ್ನು ಅಳೆಯುವುದು ನಮಗೆ ನೀರು ಕುಡಿದಷ್ಟು ಸುಲಭ. ‘ಬೆಳಕಿನ ಒಂದು ವರ್ಷದ ಹಾದಿ’ ಎಂದು ಮೊದಲು ಹೇಳಿ, ಆಮೇಲೆ ಜ್ಯೋತಿರ್ವರ್ಷವೆಂಬ ಸಂಸ್ಕೃತದ ಕಿರೀಟ ಇಟ್ಟಿದ್ದರೆ ಎಷ್ಟು ಮಕ್ಕಳ ತಲೆನೋವು ತಪ್ಪುತ್ತಿತ್ತು! ಇಲ್ಲಿಯೂ ಕೇಡು ಮಾಡಿದ್ದು ಅನುಭವಕ್ಕಿಂತ ಮೊದಲು ಬಂದ ಹೆಸರು.

ಖಗೋಳಮಾನದ ಸಂಗತಿ ಇನ್ನೂ ಸ್ವಾರಸ್ಯವಾದುದು. ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ ಒಂದು ಖಗೋಳಮಾನ. ಸುಮಾರು ೧೫ ಕೋಟಿ ಕಿಲೋಮೀಟರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಪ್ಲರನಿಗೆ ಗುರುಗ್ರಹ ಸೂರ್ಯನಿಂದ ಭೂಮಿಯ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಆ ಒಂದು ಪಟ್ಟು ಎಷ್ಟು ಮೈಲಿ ಎಂಬುದು ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಅದನ್ನು ತಿಳಿಯಲೆಂದೇ ೧೭೬೧ರಲ್ಲೂ ೧೭೬೯ರಲ್ಲೂ ಶುಕ್ರಸಂಕ್ರಮಣ ನೋಡಲು ಜನ ಭೂಮಂಡಲದ ಮೂಲೆ ಮೂಲೆಗೆ ಹಡಗು ಹತ್ತಿ ಹೋದರು. ೨೦೧೨ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಖಗೋಳಮಾನವೆಂದರೆ ಇಷ್ಟೇ ಮೀಟರು ಎಂದು ಗೊತ್ತುಮಾಡಿ ಆ ಅಧ್ಯಾಯವನ್ನು ಮುಗಿಸಿತು. ನನಗೆ ಮುಖ್ಯವಾಗಿ ಕಾಣುವುದು ನಡುವಣ ಆ ದೀರ್ಘ ಕಾಲ. ಮೈಲಿ ಗೊತ್ತಿಲ್ಲದೆಯೂ ಸೌರವ್ಯೂಹದ ನಕ್ಷೆ ಸರಿಯಾಗಿತ್ತು. ಏಕೆಂದರೆ ಅವರು ತಮಗೆ ತಿಳಿದಷ್ಟನ್ನೇ ಹೇಳುವಂಥ ಮಾನವೊಂದನ್ನು ಇಟ್ಟುಕೊಂಡಿದ್ದರು.

ಇದನ್ನು ನನಗೆ ಮನದಟ್ಟು ಮಾಡಿದವರು ವಿದ್ವಾಂಸರಲ್ಲ, ಒಂಬತ್ತನೆಯ ತರಗತಿಯ ಹುಡುಗರು. ತ್ರಿಕೋನದ ಪಾಠವಾದ ಮೇಲೆ ಒಮ್ಮೆ, ಶಾಲೆಯ ಬೇಲಿಯಾಚೆ ಇದ್ದ ನೀರಿನ ತೊಟ್ಟಿಯ ಗೋಪುರ ಎಷ್ಟು ದೂರವಿದೆ ಎಂದು, ಅಲ್ಲಿಗೆ ಹೋಗದೆ ಹೇಳಬೇಕೆಂದು ಕೆಲಸ ಕೊಟ್ಟೆ. ವರಾಂಡದ ಎರಡು ತುದಿಗಳಿಂದ ಗೋಪುರವನ್ನು ಗುರಿಯಿಟ್ಟು ಕೋನಗಳನ್ನು ಅಳೆದರು. ಕಾಗದದ ಮೇಲೆ ತ್ರಿಕೋನ ಬರೆದರು. ಇನ್ನು ವರಾಂಡದ ಉದ್ದ ಬೇಕು. ಅಳತೆಯ ಟೇಪು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿತ್ತು; ಅವರು ಬ್ಲಾಕ್ ಆಫೀಸಿಗೆ ಹೋಗಿದ್ದರು. ಹುಡುಗರು ಸ್ವಲ್ಪ ಹೊತ್ತು ಪೆಚ್ಚಾಗಿ ನಿಂತರು. ಆಮೇಲೆ ಹಿಂದಿನ ಬೆಂಚಿನವನೊಬ್ಬ, ಲೆಕ್ಕದಲ್ಲಿ ಅಷ್ಟೇನೂ ಮುಂದಿಲ್ಲದವನು, “ಸಾರ್, ಆರು ವರಾಂಡ ದೂರ ಅಂತ ಬರೆದುಬಿಡಲಾ?” ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಂದು ಸಂಜೆಯವರೆಗೆ ಆ ತರಗತಿಯಲ್ಲಿ ಎಲ್ಲವೂ ವರಾಂಡದಲ್ಲೇ ನಡೆಯಿತು. ಹುಣಸೆಮರ ಎರಡೂವರೆ ವರಾಂಡ, ಬಸ್ ನಿಲ್ದಾಣದ ತಗಡು ಮಾಡು ಒಂಬತ್ತು ವರಾಂಡ. ಮರುದಿನ ಟೇಪು ಸಿಕ್ಕಿತು. ವರಾಂಡ ೧೮ ಮೀಟರು. ಒಂದು ಗುಣಾಕಾರದಲ್ಲಿ ಎಲ್ಲ ದೂರಗಳೂ ಮೀಟರಿಗೆ ತಿರುಗಿದವು. ಅವರಿಗೆ ಖಗೋಳಮಾನವನ್ನು ಹೇಳಲು ನನಗೆ ಹತ್ತು ನಿಮಿಷ ಹಿಡಿಯಲಿಲ್ಲ. “ಓ, ಅದು ಸೂರ್ಯನ ವರಾಂಡ” ಎಂದಳು ಒಬ್ಬ ಹುಡುಗಿ.

ವಿಶೇಷ ಮಾನ ಎಂಬುದು ಬಲ್ಲವರ ಆಡಂಬರವಲ್ಲ. ತಿಳಿದದ್ದು ಯಾವುದು, ಇನ್ನೂ ತಿಳಿಯದಿರುವುದು ಯಾವುದು ಎಂಬ ಗೆರೆಯನ್ನು ಅಳಿಸದೆ ಮಾತಾಡುವುದಕ್ಕೆ ಕಂಡುಕೊಂಡ ಉಪಾಯ. ಸೂರ್ಯನ ತೂಕದ ಉದಾಹರಣೆಯನ್ನೇ ನೋಡಿ. ಒಂದು ನಕ್ಷತ್ರ ಸೂರ್ಯನ ಮೂರು ಪಟ್ಟು ಇದೆ ಎನ್ನುತ್ತಾರೆ, ಕಿಲೋಗ್ರಾಮಿನಲ್ಲಿ ಹೇಳುವುದಿಲ್ಲ. ಸೊನ್ನೆ ಬರೆಯುವ ಸೋಮಾರಿತನವೇ ಕಾರಣವಲ್ಲ. ಗ್ರಹಗಳ ಚಲನೆಯಿಂದ ಸೂರ್ಯನ ಸೆಳೆತವನ್ನು ಹತ್ತು ಅಂಕಿಗಳವರೆಗೆ ನಿಖರವಾಗಿ ಅರಿಯಬಹುದು. ಆದರೆ ಅದನ್ನು ಕಿಲೋಗ್ರಾಮಿಗೆ ತಿರುಗಿಸಲು ಬೇಕಾದ ಗುರುತ್ವ ಸ್ಥಿರಾಂಕ ನಮಗೆ ನಾಲ್ಕೈದು ಅಂಕಿಗಳಷ್ಟೇ ಗೊತ್ತು. ಕಿಲೋಗ್ರಾಮಿನಲ್ಲಿ ಹೇಳಿದರೆ ತಿಳಿದದ್ದರ ಜೊತೆಗೆ ತಿಳಿಯದ್ದನ್ನೂ ಬೆರಸಿ ಬಡಿಸಿದಂತಾಗುತ್ತದೆ. ಇಂಥ ಪ್ರಾಮಾಣಿಕತೆಯ ಸಾಧನವನ್ನು, ತಿಳಿದಿರುವುದೇನು ತಿಳಿಯದಿರುವುದೇನು ಎಂಬ ವಿವೇಚನೆಯೇ ಇನ್ನೂ ಹುಟ್ಟದ ಮಗುವಿನ ಬಾಯಲ್ಲಿಟ್ಟು, ಒಂದು ಅಂಕ ಕೊಟ್ಟು, ‘ನಿನಗೆ ತಿಳಿಯಿತು’ ಎಂದು ನಂಬಿಸುವುದಿದೆಯಲ್ಲ, ಅದು ನನಗೆ ಅನ್ಯಾಯವಾಗಿ ಕಾಣುತ್ತದೆ. ಸುಳ್ಳು ಹೇಳಿಕೊಟ್ಟಿಲ್ಲ, ನಿಜ, ೩.೨೬ ಸರಿಯಾದ ಸಂಖ್ಯೆ. ಸರಿಯಾದ ಸಂಖ್ಯೆಯಿಂದಲೇ ಸುಳ್ಳಿನ ರುಚಿ ಹತ್ತಿಸಬಹುದು.

ಹೆಸರು ಉಳಿದು ಅಳತೆ ಕಳೆದುಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ಯೋಜನವೇ ಸಾಕ್ಷಿ. ಭೂಮಿಯ ವ್ಯಾಸ ೧೦೫೦ ಯೋಜನ ಎಂದು ಆರ್ಯಭಟ; ೧೬೦೦ ಯೋಜನ ಎಂದು ಸೂರ್ಯಸಿದ್ಧಾಂತ. ಭೂಮಿ ಹಿಗ್ಗಲಿಲ್ಲ, ಇಬ್ಬರ ಯೋಜನ ಬೇರೆ ಬೇರೆ. ಅವರಿಗೆ ತಮ್ಮ ತಮ್ಮ ಯೋಜನ ಗೊತ್ತಿತ್ತು. ಬಾಯಿಪಾಠ ಮಾಡಿದ ನಮಗೆ ಎರಡೂ ಗೊತ್ತಿಲ್ಲ. ಆದ್ದರಿಂದಲೇ ಈಗ ಯಾರು ಬೇಕಾದರೂ ತಮಗೆ ಬೇಕಾದ ಯೋಜನ ಹಿಡಿದು ಬೇಕಾದ ಉತ್ತರ ತರಬಹುದು.

ಇಲ್ಲಿ ಆಕ್ಷೇಪಗಳುಂಟು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಸಂಸ್ಕೃತದ ಮೇಷ್ಟರು, ಈ ಮಾತಿಗೆ ಸಿಡಿಮಿಡಿಗೊಳ್ಳುತ್ತಿದ್ದರು. “ಅಲ್ಲ ರಾಯರೇ, ಅರ್ಥವಾದ ಮೇಲೆ ಹೇಳಿಕೊಡಬೇಕು ಅಂತಿದ್ದರೆ ನಾವು ಯಾರೂ ಅಮರಕೋಶ ಕಲಿಯುತ್ತಿರಲಿಲ್ಲ. ಮಗ್ಗಿ ಅರ್ಥವಾಗಿ ಬಂತೇ ನಿಮಗೆ? ಕಾಲುಮಗ್ಗಿ, ಮುಕ್ಕಾಲುಮಗ್ಗಿ ಏನು ಅರ್ಥ ಮಾಡಿಕೊಂಡು ಒಪ್ಪಿಸಿದಿರಿ?” ಎನ್ನುವರು. ಈ ವಾದ ಬಲವಾದದ್ದು, ನಕ್ಕು ತಳ್ಳಿಹಾಕುವಂಥದಲ್ಲ. ಮಾತು ಮೊದಲು ಬಂದು ಅರ್ಥ ಆಮೇಲೆ ಬರುವುದು ಭಾಷೆಯ ಸ್ವಭಾವವೇ ಆಗಿದೆ. ‘ಅಮ್ಮ’ ಎಂಬ ಮಾತನ್ನೂ ಮಗು ಅರ್ಥ ತಿಳಿದು ಆಡುವುದಿಲ್ಲ. ಆದರೆ ಮಗ್ಗಿ ಹೇಳಿದ ಹುಡುಗನನ್ನು ಮರುದಿನವೇ ಅಂಗಡಿಗೆ ಕಳಿಸುತ್ತಿದ್ದರು. ಅಮರ ಹೇಳಿದವನಿಗೆ ಕಾವ್ಯ ಕಾದಿರುತ್ತಿತ್ತು. ಬಾಯಿಗೆ ಬಂದದ್ದಕ್ಕೆ ಕೈಗೆ ಕೆಲಸ ಬೇಗನೆ ಸಿಕ್ಕುತ್ತಿತ್ತು. ಪಾರ್ಸೆಕ್ ಕಲಿತ ಹುಡುಗನಿಗೆ ಅದರಿಂದಾಗುವ ಕೆಲಸ ಯಾವುದು? ಪರೀಕ್ಷೆ ಮುಗಿದ ಸಂಜೆ ಅದು ಸತ್ತುಹೋಗುತ್ತದೆ. ಸತ್ತರೂ ಚಿಂತೆಯಿಲ್ಲ, ತನಗೆ ಅದು ಗೊತ್ತಿದೆ ಎಂಬ ಭಾವನೆ ಮಾತ್ರ ಸಾಯುವುದಿಲ್ಲ.

ಕೆಲಸವಿದ್ದರೆ ಕಲಿಯುವುದು ಎಷ್ಟು ಬೇಗ! ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯ ಬಂತು. ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಆಣೆಗೆ ಆರೂಕಾಲು ನಯಾಪೈಸೆ ಎಂಬ ಆ ತೊಡಕಿನ ಲೆಕ್ಕವನ್ನು ತರಕಾರಿ ಮಾರುವ, ಓದು ಬರಹವಿಲ್ಲದ ಹೆಂಗಸರು ಯಾವ ಪಾಠಶಾಲೆಗೂ ಹೋಗದೆ ಕಲಿತುಬಿಟ್ಟರು. ಅದೇ ಕಾಲದ ಅಂಕಗಣಿತದ ಪುಸ್ತಕಗಳಲ್ಲಿ ಐದೂವರೆ ಗಜಕ್ಕೆ ಒಂದು ಪೋಲು ಎಂದು ಕಂಠಪಾಠ ಮಾಡಿದ ನಮಗೆ ಆ ಪೋಲು ಯಾವ ಹೊಲದ ಬದುವಿನಲ್ಲೂ ಎದುರಾಗಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿಣ. ಕಾಲ ಬರುವವರೆಗೆ ಹೇಳಬೇಡಿ ಎನ್ನುತ್ತೀರಿ. ಅನುಕೂಲಸ್ಥರ ಮಕ್ಕಳು ಮನೆಯ ಪುಸ್ತಕದಲ್ಲಿ, ಫೋನಿನಲ್ಲಿ, ಟ್ಯೂಷನ್ನಿನಲ್ಲಿ ಹೇಗೂ ಕೇಳಿಕೊಳ್ಳುತ್ತಾರೆ. ತಾಲ್ಲೂಕಿನ ಸರಕಾರಿ ಶಾಲೆಯ ಹುಡುಗಿ ಮಾತ್ರ ಆ ಪದವನ್ನೇ ಕೇಳದೆ ಉಳಿಯುತ್ತಾಳೆ. ಪ್ರವೇಶಪರೀಕ್ಷೆಯಲ್ಲಿ ಎದುರಾದಾಗ ತಬ್ಬಿಬ್ಬಾಗುತ್ತಾಳೆ. ಇದಕ್ಕೆ ನನ್ನ ಉತ್ತರ ಇಷ್ಟೆ. ಕೇಳಿಸುವುದು ಬೇರೆ, ಕೇಳುವುದು ಬೇರೆ. ಜ್ಯೋತಿರ್ವರ್ಷವನ್ನು ಎಂಟು ವರ್ಷದ ಮಗುವಿಗೂ ಕಥೆಯಾಗಿ ಕೇಳಿಸಿ. ಇಂದು ನೀನು ನೋಡುವ ಬೆಳಕು ನಿನ್ನ ಅಜ್ಜಿ ಹುಟ್ಟುವ ಮೊದಲು ಆ ನಕ್ಷತ್ರದಿಂದ ಹೊರಟದ್ದು ಎನ್ನಿ, ಮಗುವಿನ ಕಣ್ಣರಳಲಿ. ಅಂಥ ಒಂದು ಮಾತಿನಿಂದ ಒಬ್ಬ ಖಗೋಳಜ್ಞೆ ಹುಟ್ಟಬಹುದು. ಆದರೆ ಆ ಮಗುವಿನಿಂದ ಅದನ್ನು ಮರಳಿ ಕೇಳಬೇಡಿ. ಅದಕ್ಕೆ ಅಂಕ ಕಟ್ಟಬೇಡಿ. ತ್ರಿಕೋನಮಿತಿ ಬಂದು, ಕೋನದಿಂದ ದೂರ ತೆಗೆಯುವ ಕೌಶಲ ಕೈಗೂಡಿದ ದಿನ ಪಾರ್ಸೆಕ್ಕನ್ನು ಕೇಳಿ. ತಾಲ್ಲೂಕಿನ ಆ ಹುಡುಗಿಗೆ ವರಾಂಡ ಸಾಕು, ದೂರದರ್ಶಕ ಬೇಕಿಲ್ಲ.

ಮೀಟರೊಂದೇ ಸಾಕು, ಉಳಿದದ್ದೆಲ್ಲ ಹಳೆಯ ಕಸ, ಪಾಠದಿಂದ ಗುಡಿಸಿಹಾಕಿ ಎನ್ನುವವರೂ ಇದ್ದಾರೆ. ಏಕರೂಪದ ಮಾನಗಳಿಂದ ಆಗುವ ಉಪಕಾರವನ್ನು ನಾನು ಬಲ್ಲೆ. ೧೯೯೯ರಲ್ಲಿ ಅಮೆರಿಕದ ಮಂಗಳನೌಕೆಯೊಂದು ನಾಶವಾದದ್ದು, ಒಂದು ಕಡೆಯವರು ಪೌಂಡಿನಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಂದು ಕಡೆಯವರು ನ್ಯೂಟನ್ನಿನಲ್ಲಿದೆ ಎಂದು ತಿಳಿದದ್ದರಿಂದ. ಆದರೆ ಖಗೋಳಮಾನವೂ ಇಲೆಕ್ಟ್ರಾನ್ ವೋಲ್ಟೂ ಪೌಂಡಿನಂತೆ ಪದ್ಧತಿಯ ಜಗಳದಿಂದ ಉಳಿದವಲ್ಲ. ಅವನ್ನು ಗುಡಿಸಿದರೆ ಅವುಗಳ ಜೊತೆಗೆ ಅವು ಹುಟ್ಟಿದ ಕಷ್ಟವೂ ಕಸದಬುಟ್ಟಿಗೆ ಹೋಗುತ್ತದೆ.

ಇಲೆಕ್ಟ್ರಾನ್ ವೋಲ್ಟನ್ನೇ ತೆಗೆದುಕೊಳ್ಳಿ. ಅದರ ಬೆಲೆ ಜೂಲಿನಲ್ಲಿ ಹೇಳಬೇಕಾದರೆ ದಶಮಾಂಶ ಬಿಂದುವಿನ ಮುಂದೆ ೧೮ ಸೊನ್ನೆ ಬರೆದು ಆಮೇಲೆ ೧೬ ಎಂದು ಬರೆಯಬೇಕು. ಪದವಿಪೂರ್ವ ತರಗತಿಯ ಹುಡುಗರಿಗೆ ಅದನ್ನು ಮೊದಲ ತಿಂಗಳಲ್ಲೇ ಪಟ್ಟಿಯಲ್ಲಿ ಕೊಟ್ಟರೆ ಅದೊಂದು ಸೊನ್ನೆಗಳ ಮೆರವಣಿಗೆ. ವಿದ್ಯುತ್ತಿನ ಪಾಠವಾದ ಮೇಲೆ ಒಂದು ಟಾರ್ಚ್ ಸೆಲ್ಲನ್ನು ಕೈಯಲ್ಲಿಟ್ಟು ನೋಡಿ. ಅದರ ಮೇಲೆ ೧.೫ ವೋಲ್ಟ್ ಎಂದು ಬರೆದಿದೆ. ಅದನ್ನು ಹಾಯ್ದ ಒಂದೊಂದು ಇಲೆಕ್ಟ್ರಾನಿಗೂ ೧.೫ ಇಲೆಕ್ಟ್ರಾನ್ ವೋಲ್ಟ್ ಶಕ್ತಿ. ಆ ಒಂದು ಸೆಲ್ಲಿಗೆ ಕೆಂಪು ಎಲ್‌ಇಡಿ ದೀಪವನ್ನು ಸಿಕ್ಕಿಸಿದರೆ ಅದು ಉರಿಯುವುದಿಲ್ಲವೆಂದೇ ಹೇಳಬೇಕು. ಎರಡು ಸೆಲ್ಲು ಜೋಡಿಸಿ, ನಡುವೆ ಒಂದು ರೆಸಿಸ್ಟರು ಇಟ್ಟರೆ ಉರಿಯುತ್ತದೆ. ಕೆಂಪಿಗೆ ಎರಡು ವೋಲ್ಟಿನ ಆಸುಪಾಸು ಬೇಕು. ನೀಲಿಗೆ ಮೂರರ ಸಮೀಪ. ಕೆಂಪು ಬೆಳಕಿನ ಒಂದು ಕಣದ ಶಕ್ತಿ ಹೆಚ್ಚು ಕಡಮೆ ಎರಡು ಇಲೆಕ್ಟ್ರಾನ್ ವೋಲ್ಟ್. ನೀಲಿಯದು ಮೂರಕ್ಕೆ ಹತ್ತಿರ. ಆ ಮಾನವನ್ನು ಅಂದು ಹೇಳಿದರೆ ಹುಡುಗರು ಬರೆದುಕೊಳ್ಳಲು ಪೆನ್ನು ಕೂಡ ತೆರೆಯುವುದಿಲ್ಲ.

ನಮ್ಮ ಪುಸ್ತಕಗಳ ಏರ್ಪಾಡು ಇದಕ್ಕೆ ತದ್ವಿರುದ್ಧ. ಭೌತಶಾಸ್ತ್ರದ ಪುಸ್ತಕ ತೆರೆದರೆ ಸಾಮಾನ್ಯವಾಗಿ ಆರಂಭದಲ್ಲಿಯೇ ಮಾನಗಳ ಅಧ್ಯಾಯ. ಇನ್ನೂ ಬೆಳಕನ್ನು ಅಳೆಯದವರಿಗೆ ಕ್ಯಾಂಡೆಲ, ಅಣುವನ್ನು ಎಣಿಸದವರಿಗೆ ಮೋಲ್. ಮದುವೆಗೆ ಹೋದ ಕೂಡಲೇ ಬಾಗಿಲಲ್ಲಿ ನಿಲ್ಲಿಸಿ ಬೀಗರ ಕಡೆಯ ನೂರು ಜನರ ಹೆಸರನ್ನು ಒಪ್ಪಿಸು, ಆಮೇಲೆ ಒಳಗೆ ಬಾ ಎಂದಹಾಗೆ. ಇದನ್ನು ಬರೆಯುವವರು ದಡ್ಡರಲ್ಲ; ಮುಂದೆ ಬೇಕಾಗುವುದನ್ನು ಒಂದೆಡೆ ಕೂಡಿಡುವ ಅಚ್ಚುಕಟ್ಟು ಅವರದು. ಪುಸ್ತಕದ ಕಡೆಯಲ್ಲಿ ಅನುಬಂಧವಾಗಿದ್ದರೆ ಅದೇ ಅಧ್ಯಾಯ ಬಹಳ ಉಪಯೋಗದ್ದು.

ಒಂದು ಸಲ ಪ್ರಶ್ನಪತ್ರಿಕೆ ತಯಾರಿಸುವ ಗೆಳೆಯರೊಬ್ಬರ ಹತ್ತಿರ ಇದನ್ನೆಲ್ಲ ಹೇಳಿದೆ. “೧ ಪಾರ್ಸೆಕ್ = ಎಷ್ಟು ಜ್ಯೋತಿರ್ವರ್ಷ?” ಎಂಬ ಒಂದು ಅಂಕದ ಪ್ರಶ್ನೆಯನ್ನು ಬಿಟ್ಟು, “ಸೂರ್ಯನನ್ನು ಬಿಟ್ಟರೆ ಯಾವ ನಕ್ಷತ್ರದ ಪಲ್ಲಟವೂ ಒಂದು ವಿಕಲೆಯಷ್ಟಿಲ್ಲ. ಇದರಿಂದ ನಮ್ಮ ನೆರೆಹೊರೆಯ ಬಗ್ಗೆ ಏನು ಹೇಳಬಹುದು?” ಎಂದು ಕೇಳಿ ಎಂದೆ. ಒಂದು ಪಾರ್ಸೆಕ್ಕಿನ ಒಳಗೆ ನಮಗೆ ನೆಂಟರೇ ಇಲ್ಲ ಎಂಬುದನ್ನು ವಿದ್ಯಾರ್ಥಿ ತಾನಾಗಿ ಕಾಣಲಿ. ಗಾಯಾ ಎಂಬ ಯೂರೋಪಿನ ಉಪಗ್ರಹ ಇದೇ ವಿಧಾನದಿಂದ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಪಲ್ಲಟವನ್ನು ಅಳೆದಿದೆ ಎಂಬುದನ್ನೂ ಜೊತೆಗೆ ಓದಲಿ. ಅವರು ಸಮಾಧಾನದಿಂದ ಕೇಳಿದರು. ಆಮೇಲೆ, “ಪ್ರಶ್ನೆ ಚೆನ್ನಾಗಿದೆ ಸಾರ್. ಮೌಲ್ಯಮಾಪನ ಕೇಂದ್ರದಲ್ಲಿ ದಿನಕ್ಕೆ ಇಷ್ಟು ಪತ್ರಿಕೆ ಮುಗಿಸಬೇಕು ಅಂತ ಇರುತ್ತೆ. ೩.೨೬ ಅಂತ ಬರೆದಿದ್ದರೆ ನೋಡಿದ ಕೂಡಲೇ ಟಿಕ್ ಹಾಕಬಹುದು. ನಿಮ್ಮ ಪ್ರಶ್ನೆಗೆ ಒಬ್ಬೊಬ್ಬ ಒಂದೊಂದು ಥರ ಬರೆದಿರುತ್ತಾನೆ, ಕೂತು ಓದಬೇಕಲ್ಲ?” ಎಂದರು.

ಓದಬೇಕು ಎಂದೆ ನಾನು.